ಕಸಿ ಪಾಠಕ್ಕೊಬ್ಬ ಮೇಷ್ಟ್ರು

ಅಪ್ಪನಿಗೆ ನಿನ್ನ ದೊಡ್ಡ ಮಗಳ ನಮಸ್ಕಾರ. ತಂಗಿಯ ಕೈಲಿ ಇದನ್ನು ಓದಿಸಿಕೊ.

ತೋಟಗಾರಿಕೆ ಡಿಪ್ಲೊಮಾ ಪಾಸಾಯಿತು. ಸೋಮವಾರದಿಂದ ಇಲ್ಲಿನ ದೊಡ್ಡ ಉದ್ಯಾನಕ್ಕೆ ನಾನು ಸಹಾಯಕ ಮ್ಯಾನೇಜರ್. ಕೈಕೆಳಗೆ ಒಂಬತ್ತು ಮಾಲಿಗಳು, ಏಳು ಜನ ನನಗಿಂತ ಹಿರಿಯರು!

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇಪ್ಪತ್ತು ಗುಲಾಬಿ ಗಿಡಗಳಿಗೆ ಕಸಿ ಕಟ್ಟಲು ಹೇಳಿದ್ದರು. ಗಾಬರಿಗೆ ಪುಸ್ತಕದ್ದೆಲ್ಲ ಮರೆತುಹೋಗಿ, ನೀನು ನರ್ಸರಿಯಲ್ಲಿ ಕಟ್ಟುವಂತೆಯೇ ಕೆಳಗಿನಿಂದ ಮೇಲಕ್ಕೆ ಪಟ್ಟಿ ಸುತ್ತಿಬಿಟ್ಟೆ. ಪ್ರಿನ್ಸಿಪಾಲರು ಕನ್ನಡಕ ಏರಿಸಿ, "ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು?" ಅಂದರು.

"ನಮ್ಮಪ್ಪ, ಸರ್."

ಮೂರು ವಾರಕ್ಕೆ ನನ್ನ ಇಪ್ಪತ್ತೂ ಗಿಡ ಚಿಗುರಿದವು. ನಿನ್ನೆ ಅವರು ನನ್ನನ್ನು ಕರೆಸಿ, "ಹೊಸ ಬ್ಯಾಚಿಗೆ ಕಸಿ ಪಾಠ ನಿಮ್ಮಪ್ಪನೇ ಮಾಡ್ಲಿ" ಅಂದರು.

"ನಾನು ಹೆಬ್ಬೆಟ್ಟು, ಕಾಲೇಜಿಗೆ ಬಂದು ಏನು ಮಾಡ್ಲಿ" ಎಂದು ಶುರು ಮಾಡಬೇಡ. ಅದನ್ನೂ ಅವರಿಗೆ ಹೇಳಿದೆ. "ಬೋರ್ಡ್ ಮೇಲೆ ಬರೆಯೋಕೆ ನಾವಿದ್ದೀವಿ, ಅವರು ಕೈಯಾರೆ ಮಾಡಿ ತೋರಿಸ್ಲಿ" ಎಂದು ನಕ್ಕರು.

ಗುರುವಾರ ಹತ್ತು ಗಂಟೆಗೆ ಪಾಠ. ನಿನ್ನ ಚಾಕುವನ್ನೇ ತಾ, ಇಲ್ಲಿಯವು ಬೆಣ್ಣೆಯನ್ನೂ ಕೊಯ್ಯುವುದಿಲ್ಲ. ಅಂಗಿಯ ಗುಂಡಿ ಹೊಲಿದುಕೊಡಲು ಅಮ್ಮನಿಗೆ ಹೇಳು.

ಕೆಲಸಕ್ಕೆ ಸೇರುವ ಮೊದಲೇ ಆ ದಿನದ ರಜೆ ಕೇಳಿಟ್ಟಿದ್ದೇನೆ. ಮೊದಲ ಬೆಂಚಿನಲ್ಲಿ ಕೂತಿರುತ್ತೇನೆ. ನೀನು ಒಳಗೆ ಬಂದಾಗ ಎಲ್ಲರ ಜೊತೆ ನಾನೂ ಎದ್ದು ನಿಲ್ಲಬೇಕು.

ಇತಿ,
ನಿನ್ನ ದೊಡ್ಡವಳು