ಹಗ್ಗದ ಎರಡು ಗಂಟು

ಕಾವಲು ಮನೆಯಿಂದ
ಗುರುವಾರ, ಮಧ್ಯಾಹ್ನ

ನನ್ನ ಮೇಲೆ ಕೆಂಡವಾಗಿರುವ ಅಕ್ಕನಿಗೆ,

ಮೊದಲು ಪೂರ್ತಿ ಓದು, ಆಮೇಲೆ ಬೈ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಕಣ್ಣು ಮಂಜಾದ ಮೇಲೆ ಅವಳ ಕಿವಿ ಎಷ್ಟು ಚುರುಕಾಗಿದೆ ಎಂದರೆ, ಒಳಗೆ ನಾನು ಬಿಸ್ಕತ್ತಿನ ಡಬ್ಬ ತೆಗೆದರೂ ಹೊರಗಿನಿಂದ "ನನಗೂ ಒಂದು ತಾರೇ" ಅನ್ನುತ್ತಾಳೆ. ಗೇಟಿನಲ್ಲಿ ಕೂರುವ ಟಿಕೆಟ್ ಮಾಮ ನಾಳೆ ನಿಮ್ಮ ಕಡೆ ಬರುತ್ತಾರೆ. ಈ ಕಾಗದವನ್ನು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಸೋಮವಾರದ ಸುದ್ದಿಯನ್ನೂ ನೀನು ಅವರ ಬಾಯಿಂದಲೇ ಕೇಳಬೇಕಾಯಿತು. "ಅಮ್ಮ ಸ್ವಲ್ಪ ಜಾರಿದಳು, ಅಷ್ಟೆ" ಎಂದು ನಾನು ಹೇಳಿದ್ದು ಸುಳ್ಳು. ಅವಳು ಸತ್ತೇ ಹೋಗುತ್ತಿದ್ದಳು ಅಕ್ಕ.

ನೀನು ಇಲ್ಲಿಂದ ಹೋಗಿ ಹನ್ನೆರಡು ವರ್ಷವಾಯಿತು. ಕಾಡೇನೋ ಅಷ್ಟೇ ಇದೆ, ಬಿರುಸಾಗಿ ನಡೆದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಸಮುದ್ರ ಹತ್ತಿರ ಬಂದಿದೆ. ಹಳದಿ ಗುರುತಿನ ದಾರಿ ಈಗಲೂ ಜೌಗಿನ ಮೇಲಿನ ಹಲಗೆ ಸೇತುವೆ ದಾಟಿ ಹೋಗುತ್ತದೆ, ನೀಲಿ ಗುರುತಿನದು ದಿಬ್ಬದ ಅಂಚಿನ ಬೆಂಚಿಗೆ. ಮಂಜಿನಲ್ಲಿ ಯಾರೂ ದಾರಿ ತಪ್ಪಬಾರದೆಂದು ನನಗಿಂತ ಮುಂಚೆ ಅಮ್ಮ ಕಾವಲಿನಲ್ಲಿದ್ದಾಗ ನೀಲಿ ದಾರಿಯುದ್ದಕ್ಕೂ ಮರದಿಂದ ಮರಕ್ಕೆ ಕಟ್ಟಿದ ಹಗ್ಗ ನೆನಪಿದೆಯಲ್ಲ? ಒಂದು ಗಂಟು ಸಿಕ್ಕರೆ ಮುಂದೆ ಮೆಟ್ಟಿಲಿದೆ. ಎರಡು ಗಂಟು ಸಿಕ್ಕರೆ "ಮುಂದೆ ನಾನು ನೋಡಿ ಬಂದಿದ್ದೇನೆ, ಧೈರ್ಯವಾಗಿ ನಡೆ." ಅಕ್ಷರ ಕಲಿಯುವ ಮುಂಚೆ ನಾವಿಬ್ಬರೂ ಈ ಗಂಟು ಕಲಿತವರು. ಈಗ ಅಮ್ಮ ದಿನಾ ಬೆಳಿಗ್ಗೆ ಅದೇ ಹಗ್ಗ ಹಿಡಿದು ಬೆಂಚಿನವರೆಗೆ ಒಬ್ಬಳೇ ಹೋಗಿ ಬರುತ್ತಾಳೆ. ಬೇಡ ಎಂದರೆ ನನ್ನನ್ನೇ ಗದರುತ್ತಾಳೆ.

ಭಾನುವಾರ ಸಂಜೆ ಅಲೆಯ ಹೊಡೆತಕ್ಕೆ ಬೆಂಚಿನ ಸಮೇತ ಅಂಚು ಕುಸಿಯಿತು. ಹಗ್ಗವೂ ಅಲ್ಲಿಗೆ ತುಂಡಾಯಿತು. ನಾನು ಗಸ್ತು ಮುಗಿಸಿ ಇನ್ನೂ ದಾರಿಯಲ್ಲೇ ಇದ್ದೆ, ಸುದ್ದಿ ತಿಳಿದ ರೇಂಜರ್ ಸಾಹೇಬರು ಫೋನ್ ಮಾಡಿ, ಕೊನೆಯ ಮರದ ಹತ್ತಿರ ಇವತ್ತೇ ಅಡ್ಡ ಹಲಗೆ ಹೊಡೆದುಬಿಡಿ ಅಂದರು. ಹೊಡೆದೆ. ಮನೆಗೆ ಬರುವಷ್ಟರಲ್ಲಿ ಅಮ್ಮ ಮಲಗಿದ್ದಳು. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ.

ಬೆಳಿಗ್ಗೆ ಎದ್ದರೆ ಅವಳ ಕೋಲಿಲ್ಲ, ಚಪ್ಪಲಿ ಇಲ್ಲ. ಹೊರಗೆ ಹಾಲಿನಂಥ ಮಂಜು. ಬರಿಗಾಲಲ್ಲೇ ಓಡಿದೆ. ಎರಡು ಸಲ ಬಿದ್ದೆ. ಕೊನೆಯ ಮರ ತಲುಪಿ ನೋಡಿದರೆ ಅಮ್ಮ ಅದರಾಚೆ ಹತ್ತು ಹೆಜ್ಜೆ ದೂರದಲ್ಲಿ, ಕೋಲಿನಿಂದ ಬೆಂಚು ಹುಡುಕುತ್ತಿದ್ದಾಳೆ. ಅವಳು ನಿಂತ ಮಣ್ಣಿನ ಕೆಳಗೆ ಏನೂ ಇರಲಿಲ್ಲ, ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಅಮ್ಮಾ ಎಂದು ಕೂಗಿದರೆ ಅವಳು "ಏನೇ?" ಎಂದು ಗಕ್ಕನೆ ತಿರುಗಿ ಒಂದು ಹೆಜ್ಜೆ ಇಡುವವಳು, ಗೊತ್ತಲ್ಲ. ಆ ಒಂದು ಹೆಜ್ಜೆಗೆ ಅಲ್ಲಿ ಜಾಗವಿರಲಿಲ್ಲ.

ನನ್ನ ಬಾಯಿಂದ ಅದು ಹೇಗೆ ಬಂತೋ ಕಾಣೆ. "ಬಣ್ಣ ಹಸಿ!" ಎಂದು ಕಿರುಚಿದೆ.

ಸೇತುವೆಗೆ ಬಣ್ಣ ಬಳಿದು ಅಮ್ಮ ಹಾಗೆ ಕೂಗಿದರೆ ನಾವು ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲಬೇಕಿತ್ತು. ಒಂದು ಸಲ ನಿನ್ನನ್ನು ಹಾಗೆ ನಿಲ್ಲಿಸಿ ಅವಳು ಮರೆತೇಬಿಟ್ಟಿದ್ದಳು, ನೀನು ಕೊಕ್ಕರೆಯ ಹಾಗೆ ನಿಂತೇ ಇದ್ದೆ! ಈಗ ಅಮ್ಮ ಹಾಗೇ ನಿಂತಳು, ಒಂದು ಕಾಲು ಗಾಳಿಯಲ್ಲಿ. ನಾನು ಹೊಟ್ಟೆಯ ಮೇಲೆ ತೆವಳಿ ಹೋಗಿ ಅವಳ ಇನ್ನೊಂದು ಕಾಲನ್ನು ಗಟ್ಟಿಯಾಗಿ ಹಿಡಿದೆ. ಮೆಲ್ಲಗೆ ಕೂರಿಸಿ, ಒಂದೊಂದೇ ಗೇಣು ಹಿಂದಕ್ಕೆ ಎಳೆದುಕೊಂಡೆ. ಮರ ತಲುಪಿದ ಮೇಲೆ ಆ ಮಣ್ಣು ಸದ್ದಿಲ್ಲದೆ ಕೆಳಗೆ ಹೋಯಿತು. ಅಮ್ಮ ಕೇಳಿದ್ದೇನು ಗೊತ್ತಾ? "ಇಷ್ಟು ಬೆಳಿಗ್ಗೆ ಯಾವ ಬಣ್ಣ ಬಳೀತಿದ್ದೀಯೇ?" ನಾನು ಅವಳನ್ನು ತಬ್ಬಿಕೊಂಡು ಗಳಗಳ ಅತ್ತೆ.

ಮಧ್ಯಾಹ್ನ ಸಾಹೇಬರು ವಿಚಾರಣೆಗೆ ಬಂದರು. ಅಮ್ಮ ತಾನಾಗಿಯೇ ಹೇಳಿದಳು: "ಹಲಗೆ ಕೈಗೆ ಸಿಕ್ತು ಸಾರ್. ಯಾಕಿದೆ ಅಂತ ಹೊಳೀಲಿಲ್ಲ, ಬಗ್ಗಿ ದಾಟಿದೆ. ಈಗೀಗ ತುಂಬಾ ಮರೆವು." ಅವರು ಬರೆದುಕೊಂಡು ಹೋದರು. ನಿನಗೂ ಫೋನಿನಲ್ಲಿ ಅದನ್ನೇ ಹೇಳಿದ್ದಾಳೆ.

ಹಾಗಾಗಿ ನೀನು ಅಂದದ್ದು ಸರಿ. ಮರೆವು ಬಂದವಳನ್ನು ಸಮುದ್ರದ ಪಕ್ಕ ಇಟ್ಟುಕೊಳ್ಳುವುದು ಹುಡುಗಾಟವಲ್ಲ. ಭಾನುವಾರ ಬಂದು ಕರೆದುಕೊಂಡು ಹೋಗು. ಬಟ್ಟೆ ಜೋಡಿಸಿಟ್ಟಿದ್ದೇನೆ. ನಿಮ್ಮ ಮನೆಯ ಹತ್ತಿರ ನಡೆಯಲು ಏನಿದೆ ಎಂದು ಕೇಳಿದಳು. ಲಿಫ್ಟಿನಿಂದ ಬಾಗಿಲವರೆಗೆ ಉದ್ದದ ಕಾರಿಡಾರ್ ಇದೆ ಅಂದೆ. ಎಷ್ಟು ಹೆಜ್ಜೆ ಅಂದಳು. ನನಗೆ ಗೊತ್ತಿರಲಿಲ್ಲ.

ಇಂತಿ,
ನಿನ್ನ ಬಾಲ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಮ್ಮ, "ಏನ್ ಬರ್ದಿದ್ದೀಯಾ, ಓದು" ಅಂದಳು. ಓದಿದೆ. "ಹೊಡೆದೆ" ಎಂಬಲ್ಲಿಗೆ ಬಂದು ಕಾಗದ ಮಡಚಿದೆ. "ಮುಂದೆ ಓದೇ" ಅಂದಳು, ಅಷ್ಟೆ.

ಅಕ್ಕ, ಭಾನುವಾರ ನಾನು ಹಲಗೆ ಹೊಡೆಯಲಿಲ್ಲ. ಸುಸ್ತಾಗಿತ್ತು, ಬೆಳಿಗ್ಗೆ ಹೊಡೆದರಾಯಿತು ಅಂದುಕೊಂಡೆ. ತುಂಡಾದ ಹಗ್ಗ ಗಾಳಿಗೆ ಹಾರದಿರಲಿ ಎಂದು ಅದರ ತುದಿಯನ್ನು ಕೊನೆಯ ಮರಕ್ಕೆ ಬಿಗಿದು ಬಂದೆ. ಬಿಚ್ಚಿಹೋಗದಿರಲಿ ಎಂದು ಎರಡು ಗಂಟು ಹಾಕಿದೆ. ಅಮ್ಮನ ಕೈಗೆ ಸಿಕ್ಕಿದ್ದು ಆ ಎರಡು ಗಂಟು. ನನ್ನನ್ನು ನಂಬಿ ನಡೆದಳು.

ಹಲಗೆ ಹೊಡೆದದ್ದು ಸೋಮವಾರ, ಅವಳನ್ನು ಮನೆಯಲ್ಲಿ ಕೂರಿಸಿ, ಸಾಹೇಬರು ಬರುವ ಮುಂಚೆ. ಬಿಸ್ಕತ್ತಿನ ಡಬ್ಬದ ಸದ್ದು ಕೇಳುವವಳಿಗೆ ಸುತ್ತಿಗೆಯ ಸದ್ದು ಕೇಳದೆ ಇರುತ್ತದೆಯೇ? ನನ್ನ ಕೆಲಸ ಉಳಿಯಲಿ ಎಂದು ತನಗೇ ಮರೆವು ಅಂದುಬಿಟ್ಟಳು. ನಾಲ್ಕು ದಿನ ನಾನೂ ಬಾಯಿ ಮುಚ್ಚಿಕೊಂಡು ಅವಳ ಬಟ್ಟೆ ಮಡಚಿದೆ.

ಇದನ್ನೇ ಸಾಹೇಬರಿಗೂ ಬರೆದಿದ್ದೇನೆ. ಮಾಮ ಮೊದಲು ಅವರಿಗೆ ಕೊಟ್ಟು, ಆಮೇಲೆ ನಿನ್ನಲ್ಲಿಗೆ ಬರುತ್ತಾರೆ. ನನ್ನ ಕೆಲಸದ ಜೊತೆ ಈ ಮನೆಯೂ ಹೋದರೆ ಆಗ ನೋಡೋಣ. ಆದರೆ ಅಮ್ಮನಿಗೆ ಮರೆವು ಎಂದು ಅವಳನ್ನು ಕರೆದೊಯ್ಯಲು ಬರಬೇಡ. ಬಣ್ಣ ಹಸಿ ಅಕ್ಕ, ಬಣ್ಣ ಹಸಿ!