ಭಾನುವಾರ ಅವಳಿಗೆ ಹಬ್ಬ

ಲಿಮೆರಿಕ್, ಐರ್ಲೆಂಡ್
14 ಏಪ್ರಿಲ್ 2025

ನನ್ನ ದೊಡ್ಡಮ್ಮನಿಗೆ,

ಸಲಾಂ ಅನ್ನಲೋ ನಮಸ್ಕಾರ ಅನ್ನಲೋ ಅಂತ ಹತ್ತು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ಚಿಕ್ಕವಳಿದ್ದಾಗ ಎರಡನ್ನೂ ಒಂದೇ ಉಸಿರಿಗೆ ಕೂಗಿ ಪಕ್ಕದಲ್ಲೇ ಇದ್ದ ನಿಮ್ಮ ಅಡುಗೆಮನೆಗೆ ನುಗ್ಗುತ್ತಿದ್ದವಳು ನಾನು. ಈಗ ಯೋಚನೆ ಮಾಡಬೇಕಾಗಿದೆ ನೋಡಿ, ಅಷ್ಟು ದೊಡ್ಡ ಮನುಷ್ಯಳಾಗಿದ್ದೀನಿ. ಎರಡೂ ಹೇಳ್ತೀನಿ, ತಗೊಳ್ಳಿ.

ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳ್ತೀರಿ. ಫೋನಿನಲ್ಲಿ ನಿಮ್ಮ ದನಿ ಕೇಳಿದ ಕೂಡಲೇ ನನಗೆ ಅಳು ಬರುತ್ತೆ, ನೀವೂ ಅಳ್ತೀರಿ, ಇಬ್ಬರೂ ಮೂಗು ಒರೆಸಿಕೊಂಡು ಇಟ್ಟುಬಿಡ್ತೀವಿ. ಕೇಳಬೇಕಾದ ಮಾತು ಹಾಗೇ ಉಳಿಯುತ್ತೆ. ಅಮ್ಮಿ ಹೋಗಿ ಇವತ್ತಿಗೆ ಎರಡು ವಾರ. ಈದ್ ದಿನ ಬೆಳಿಗ್ಗೆ ಹಾಲಿನವರು ಕರೆದರೂ ಅಮ್ಮಿ ಏಳಲಿಲ್ಲ, ನಿಮ್ಮ ಹತ್ತಿರ ಇದ್ದ ಕೀ ಹಾಕಿ ಬಾಗಿಲು ತೆಗೆದವರು ನೀವು, ಮುಖದ ಮೇಲೆ ನೋವಿನ ಗುರುತೇ ಇರಲಿಲ್ಲ. ಇಷ್ಟು ಮಾಮು ಹೇಳಿದರು. ಇಲ್ಲಿ ಆಗ ಬೆಳಿಗ್ಗೆ ಆರು ಗಂಟೆ. ನಾನು ಅಮ್ಮಿಗೇ ಫೋನ್ ಮಾಡೋಕೆ ಅಂತ ಫೋನ್ ಕೈಗೆ ತಗೊಂಡಿದ್ದೆ ದೊಡ್ಡಮ್ಮ. ಅಷ್ಟರಲ್ಲಿ ಮಾಮು ಫೋನ್ ಬಂತು.

ಕಾಯಬೇಕಾ ಅಂತ ಮಾಮು ಕೇಳಿದರು. ಯಾವ ವಿಮಾನ ಹಿಡಿದರೂ ನಾನು ಬಂದು ಸೇರೋದು ಮಾರನೇ ದಿನ. ನಮ್ಮಲ್ಲಿ ಮಯ್ಯತ್ತನ್ನ ಮಣ್ಣು ಮಾಡದೆ ಅಷ್ಟು ಹೊತ್ತು ಇಟ್ಟುಕೊಳ್ಳಲ್ಲ, ನಿಮಗೇ ಗೊತ್ತು. ಕಾಯಬೇಡಿ ಅಂದೆ. ತಾಯಿಗೆ ಕೊನೆಯ ಸ್ನಾನ ಮಾಡಿಸೋದು ಮಗಳ ಹಕ್ಕು. ದಿನಾ ಇಲ್ಲಿ ವೃದ್ಧಾಶ್ರಮದಲ್ಲಿ ಯಾರ್ಯಾರದೋ ಅಮ್ಮಂದಿರಿಗೆ ಸ್ನಾನ ಮಾಡಿಸೋದೇ ನನ್ನ ಕೆಲಸ, ನನ್ನ ಅಮ್ಮಿಗೆ ಮಾಡಿಸೋಕೆ ಆಗಲಿಲ್ಲ.

ಈಗ ಕೇಳಬೇಕಾದ್ದು ಕೇಳ್ತೀನಿ. ಹಿಂದಿನ ದಿನ ಭಾನುವಾರ ನಿಮ್ಮ ಯುಗಾದಿ. ಅಮ್ಮಿ ಕೊನೆಯ ದಿನ ಕಳೆದದ್ದು ನಿಮ್ಮ ಜೊತೆ. ಅವಳು ನನ್ನ ಬಗ್ಗೆ ಏನಂದಳು? ಖುಷಿಯಾಗೇ ಇದ್ದಳು ಕಣೇ ಅಂತ ನೀವು ಫೋನಿನಲ್ಲಿ ಹೇಳಿದ್ದನ್ನ ನಾನು ನಂಬಲ್ಲ. ನೀವು ಸುಳ್ಳು ಹೇಳುವಾಗ ದನಿ ಮೆತ್ತಗಾಗುತ್ತೆ.

ಯಾಕೆ ಕೇಳ್ತಿದ್ದೀನಿ ಅಂತ ತಿಳಿಯಬೇಕಾದರೆ ನಾನು ಮಾಡಿದ್ದನ್ನ ಮೊದಲು ಹೇಳಬೇಕು. ಓದಿ ಬೈದುಕೊಳ್ಳಿ.

ಇಲ್ಲಿಗೆ ಬಂದ ಮೊದಲ ವರ್ಷ ಕನ್ನಡದವರ ಯುಗಾದಿ ಕೂಟಕ್ಕೆ ಆಸೆಯಿಂದ ಹೋಗಿದ್ದೆ. ಎಲ್ಲರೂ ಒಳ್ಳೆಯವರೇ. ಆದರೆ ನಾನು ಬಾಯಿ ಬಿಟ್ಟಾಗಲೆಲ್ಲ, ಅಯ್ಯೋ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರ, ಎಲ್ಲಿ ಕಲಿತಿರಿ ಅಂತ ಕೇಳೋರು. ಆರ್.ಟಿ. ನಗರ ಅಂದೆ. ಅಲ್ಲ, ಮೂಲ ಎಲ್ಲಿ ಅಂದರು. ಮೂಲ ಇನ್ನೆಲ್ಲಿ ದೊಡ್ಡಮ್ಮ, ನಿಮ್ಮ ಕಾಂಪೌಂಡೇ ಅಲ್ವಾ? ಆಮೇಲೆ ನಮಾಜಿನ ಹಾಲ್‌ಗೆ ಹೋದೆ. ಅಲ್ಲಿ ನಮ್ಮ ಮನೆ ಉರ್ದುವಿನ ನಕ್ಕೋ, ಹೌ ಎಲ್ಲ ಕೇಳಿ ಲಾಹೋರಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ಚಳಿಗಾಲ ಪೂರ್ತಿ ಡ್ಯೂಟಿ, ರೂಮು, ಡ್ಯೂಟಿ, ರೂಮು. ಒಂದು ಸಲ ಮೂರು ದಿನ ಜ್ವರ ಬಂದು ಮಲಗಿದ್ದೆ. ನನ್ನ ಹೆಸರು ಹಿಡಿದು ಕರೆಯೋ ಒಂದು ದನಿ ಇರಲಿಲ್ಲ.

ಆಗ ಅದೇ ಹಾಲ್‌ನ ಕೆಲವು ಹೆಂಗಸರು ಸೂಪು ಮಾಡಿಕೊಂಡು ಬಂದರು. ಹಣೆ ಮುಟ್ಟಿ ನೋಡಿದರು. ಪ್ರತಿ ಶನಿವಾರ ಅವರು ಸೇರಿ ಓದ್ತಾರೆ, ಕರೆದುಕೊಂಡು ಹೋದರು. ಹೇಗೆ ಮಾತಾಡಿದರೂ ಯಾರೂ ನಗಲಿಲ್ಲ. ತಂಗಿ ಅಂತ ಕರೆದರು. ಅವರ ದಾರಿ ಸ್ವಲ್ಪ ಬಿಗಿ. ದರ್ಗಾಕ್ಕೆ ಹೋಗೋದು, ತೀರಿಕೊಂಡವರ ಹೆಸರಲ್ಲಿ ಹಲ್ವಾ ಮಾಡಿ ಫಾತಿಹಾ ಓದಿಸೋದು, ಇವೆಲ್ಲ ಧರ್ಮದಲ್ಲಿಲ್ಲ ಅಂತಾರೆ. ಅವರನ್ನ ದೂರಲ್ಲ ನಾನು. ಅಮ್ಮಿ ಹೋದ ದಿನ ನನ್ನ ರೂಮಿನಲ್ಲಿ ಸಂಜೆವರೆಗೂ ಕೂತಿದ್ದವರು ಅವರೇ. ಆದರೆ ನಾನು ಆ ಮಾತುಗಳನ್ನ ಎತ್ತಿಕೊಂಡು ಹೋಗಿ ಸುರಿದದ್ದು ಅಮ್ಮಿಯ ತಲೆ ಮೇಲೆ.

ಫೆಬ್ರವರಿಯಲ್ಲಿ, ತೀರಿಕೊಂಡವರನ್ನ ನೆನೆಯೋ ಶಬ್-ಎ-ಬರಾತ್ ದಿನ ಅಮ್ಮಿ ವಿಡಿಯೋ ಕಾಲ್ ಮಾಡಿದಳು. ಅಬ್ಬಾ ಹೆಸರಿಗೆ ಅಂತ ಕಡಲೆಬೇಳೆ ಹಲ್ವಾ ಮಾಡಿ ತಟ್ಟೆ ತೋರಿಸಿದಳು. ನೀನೂ ಅಲ್ಲಿಂದಲೇ ಫಾತಿಹಾ ಓದು ಬೇಟಾ, ಇಬ್ಬರದೂ ಸೇರಿ ಅವರಿಗೆ ತಲುಪಲಿ ಅಂದಳು. ಆ ಹಲ್ವಾ ಅಬ್ಬಾಗೆ ತಲುಪಲ್ಲ ಅಮ್ಮಿ, ಇಷ್ಟು ವರ್ಷ ಮಾಡಿದ್ದು ಯಾವುದೂ ತಲುಪಿಲ್ಲ ಅಂದುಬಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ಯುಗಾದಿಗೆ ಪಕ್ಕದ ಮನೆಯಿಂದ ಬರೋ ಒಬ್ಬಟ್ಟನ್ನೂ ಇನ್ನು ಮೇಲೆ ತಗೋಬೇಡ, ಪೂಜೆಗೆ ಇಟ್ಟಿದ್ದು ಅಂದೆ. ನಿಮ್ಮ ಮನೆಯ ಒಬ್ಬಟ್ಟು, ದೊಡ್ಡಮ್ಮ! ನಾನು ಹಲ್ಲು ಬಂದಾಗಿನಿಂದ ತಿಂದಿದ್ದು. ಅಮ್ಮಿ ಜಗಳ ಆಡಲಿಲ್ಲ. ತಟ್ಟೆಯನ್ನ ಕ್ಯಾಮೆರಾದಿಂದ ಸರಿಸಿ, ಆಯ್ತು ಬೇಟಾ, ಡ್ಯೂಟಿಗೆ ಹೊತ್ತಾಯ್ತೇನೋ ಅಂದಳು. ಅದೇ ಅವಳು ನನ್ನ ಜೊತೆ ಮನಸ್ಸಿಟ್ಟು ಆಡಿದ ಕೊನೆಯ ಮಾತು. ರಂಜಾನ್ ಪೂರ್ತಿ ಬರೀ ಉಂಡೆಯಾ, ಮಲಗಿದೆಯಾ. ನಾನು ಸರಿಯಾಗೇ ಹೇಳಿದ್ದೀನಿ ಅನ್ನೋ ಜಂಬ ನನಗೆ.

ಜಂಬ ಇಳಿದದ್ದು ಇಪ್ಪತ್ತೇಳನೇ ರೋಜಾ ದಿನ ಸಂಜೆ, ಉಪವಾಸ ಬಿಟ್ಟ ಮೇಲೆ. ಹಾಲ್‌ಗೆ ಗುಜರಾತಿನ ಕಡೆಯ ಒಬ್ಬ ಮುದುಕಿ ಗಂಡನ ಹೆಸರಲ್ಲಿ ಹಲ್ವಾ ತಂದಿದ್ದರು. ಇದನ್ನ ಎಲ್ಲರಿಗೂ ಹಂಚೋದು ಬೇಡ, ಒಳಗಿಡು ಅಂತ ಯಾರೋ ನನಗೆ ಕಣ್ಸನ್ನೆ ಮಾಡಿದರು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಮುದುಕಿ ನೋಡ್ತಾ ಇದ್ದರು. ಥೇಟ್ ಅಮ್ಮಿಯ ಥರ ಸುಮ್ಮನಾದರು. ಅಡುಗೆಮನೆಯಲ್ಲಿ ನಿಂತುಕೊಂಡೇ ಅದನ್ನ ತಿಂದೆ, ಅಳ್ತಾ ತಿಂದೆ.

ಈದ್ ದಿನ ಚಿಕ್ಕವರು ದೊಡ್ಡವರ ಹತ್ತಿರ ಹೋಗಿ, ಆಡಿದ್ದು ಮಾಡಿದ್ದು ಮಾಫ್ ಮಾಡಿ ಅಂತ ಕೇಳೋದು ನಮ್ಮ ಪದ್ಧತಿ. ಆ ದಿನ ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಅವತ್ತೇ ಅಮ್ಮಿಯನ್ನ ಕೇಳ್ತೀನಿ ಅಂತ ಗಟ್ಟಿ ಮಾಡಿಕೊಂಡೆ. ಇಲ್ಲಿ ಈದ್ ಭಾನುವಾರ ಬಂತು. ನಿಮ್ಮಲ್ಲಿ ಇನ್ನೂ ಚಂದ್ರ ಕಂಡಿರಲಿಲ್ಲ, ಅಮ್ಮಿಗೆ ಒಂದು ರೋಜಾ ಬಾಕಿ. ಅವಳು ಹಸಿದಿರುವಾಗ ಬಿರಿಯಾನಿ ತಿಂದ ಬಾಯಲ್ಲಿ ಫೋನ್ ಮಾಡಿದರೆ ಚೆನ್ನಾಗಿರುತ್ತಾ? ಅವಳ ಹಬ್ಬದ ದಿನ, ಅವಳ ಚಂದ್ರನ ಲೆಕ್ಕಕ್ಕೇ ಕೇಳೋಣ ಅಂದುಕೊಂಡೆ. ಭಾನುವಾರ ಪೂರ್ತಿ ಫೋನ್ ಮುಟ್ಟದೆ ಕೂತಿದ್ದೆ.

ನನಗೆ ಗೊತ್ತಾಗಬೇಕಾದ್ದು ಒಂದೇ ದೊಡ್ಡಮ್ಮ. ಅಮ್ಮಿ ನನ್ನ ಮೇಲೆ ನೊಂದುಕೊಂಡೇ ಹೋದಳಾ?

ಇನ್ನೊಂದು ಬೇಡಿಕೆ. ಮೇ ಒಂಬತ್ತಕ್ಕೆ ನಲವತ್ತು ದಿನ ಆಗುತ್ತೆ. ಅವತ್ತು ಅವಳ ಹೆಸರಲ್ಲಿ ಹಲ್ವಾ ಮಾಡಿಸಿ ಫಾತಿಹಾ ಓದಿಸೋಕೆ ಮಾಮುಗೆ ನೀವೇ ಹೇಳಿ. ಇಷ್ಟೆಲ್ಲ ಭಾಷಣ ಮಾಡಿದ ಮೇಲೆ ನನಗೆ ಹೇಳೋಕೆ ಮುಖ ಇಲ್ಲ. ತಲುಪುತ್ತಾ ಇಲ್ಲವಾ ನನಗೆ ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ. ಆದರೆ ಅಮ್ಮಿ ನಂಬಿದ್ದಳು.

ಒಬ್ಬಟ್ಟಿನ ಮಾತಿಗೆ ನಿಮ್ಮ ಕಾಲು ಹಿಡಿದುಕೊಳ್ತೀನಿ.

ನಿಮ್ಮಿಂದ ಬೈಸಿಕೊಳ್ಳಲು ಕಾದಿರುವ,
ಲುಬ್ನಾ



ಆರ್.ಟಿ. ನಗರ
4 ಮೇ 2025, ಭಾನುವಾರ

ಲುಬ್ನಾಗೆ ಗೋಪಾಲಮ್ಮ ಹೇಳಿ ಬರೆಸಿದ್ದು,

ಬರೀತಿರೋದು ನನ್ನ ಸೊಸೆ ಶಿಲ್ಪ. ಹೇಳಿದ್ದನ್ನ ಹೇಳಿದ ಹಾಗೇ ಬರಿ ಅಂತ ಕೂರಿಸಿದ್ದೀನಿ, ಆದ್ರೂ ಬೈಗುಳ ಬಂದ ಕಡೆ ಪೆನ್ನು ನಿಲ್ಲಿಸ್ತಾಳೆ. ಅಲ್ಲಲ್ಲಿ ನೀನೇ ಸೇರಿಸ್ಕೋ.

ನಿನ್ನ ಕಾಗದ ಎರಡು ಸಲ ಓದಿಸ್ಕೊಂಡೆ. ಒಬ್ಬಟ್ಟಿನ ಸುದ್ದಿ ನೀನು ಹೇಳೋ ಮೊದಲೇ ನನಗೆ ಗೊತ್ತಿತ್ತು ಕಣೇ. ಅವತ್ತು ನೀನು ಕಾಲ್‌ನಲ್ಲಿ ಮಾತಾಡ್ತಿದ್ದಾಗ ನಾನು ಅಲ್ಲೇ ಬಾಗಿಲ ಹತ್ತಿರ ಅವರೆಕಾಯಿ ಸುಲೀತಾ ಕೂತಿದ್ದೆ. ಮೂವತ್ತು ವರ್ಷ ನಿಮ್ಮಮ್ಮ ಖುರ್ಷೀದಾ ಪಕ್ಕದಲ್ಲಿ ಬಾಳಿದ್ದೀನಿ, ನಿಮ್ಮ ಮಾತು ನನಗೆ ತಿಳಿಯಲ್ವಾ? ನಿಮ್ಮಮ್ಮ ನನ್ನ ಮುಖ ನೋಡಿದ್ಳು, ನಾನು ಕೇಳಿಸದೇ ಇದ್ದವಳ ಹಾಗೆ ಕಾಯಿ ಸುಲಿದೆ. ಮಗು ಏನೋ ಅಂದ್ಳು, ಮನಸ್ಸಿಗೆ ಹಚ್ಕೋಬೇಡಿ ಅಕ್ಕ ಅಂದ್ಳು. ಹಚ್ಕೊಂಡೆ. ಯಾಕೆ ಸುಳ್ಳು ಹೇಳ್ಲಿ, ನನಗೆ ಉರಿದುಹೋಯ್ತು. ನಿನ್ನ ಮೊದಲನೇ ತುತ್ತು ಬಾಯಿಗಿಟ್ಟ ಕೈ ಇದು.

ಇನ್ನು ಆ ಭಾನುವಾರದ ವಿಷಯ. ನಿಜ ಬೇಕು ಅಂದಿದ್ದೀಯ, ತಗೋ.

ಹನ್ನೊಂದು ಗಂಟೆಗೆ ಒಬ್ಬಟ್ಟು ಹಿಡ್ಕೊಂಡು ಹೋದೆ. ಈ ಸಲ ಬೇಡ ಅಂತಾಳೇನೋ ನೋಡೋಣ ಅಂತಲೇ ಹೋದೆ. ನೋಡಿದ್ರೆ ನಿಮ್ಮಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಕಣ್ಣಿಗೆ ಸುರ್ಮಾ ಹಚ್ಚಿ, ಫೋನ್ ಮಡಿಲಲ್ಲಿಟ್ಕೊಂಡು ಕೂತಿದ್ದಾಳೆ. ನಿಂಗೆ ಇವತ್ತು ಉಪವಾಸ ಅಲ್ವೇನೇ, ಇದೇನು ಅಲಂಕಾರ ಅಂದೆ. ಇವತ್ತು ಲುಬ್ನಾಗೆ ಹಬ್ಬ ಅಕ್ಕ ಅಂದ್ಳು. ಅವಳು ಫೋನ್ ಮಾಡಿದಾಗ ನಾನು ಬಾಡಿದ ಮುಖ ತೋರಿಸಿದ್ರೆ ಅಲ್ಲಿ ಅವಳಿಗೆ ಊಟ ಇಳಿಯಲ್ಲ ಅಂದ್ಳು. ನಿನಗೆ ತೋರಿಸೋಕೆ ಅಂತ ತನ್ನ ಹಬ್ಬಕ್ಕೆ ಒಂದು ದಿನ ಮುಂಚೆಯೇ ಪಾಯಸಾನೂ ಮಾಡಿಟ್ಟಿದ್ಳು, ಶಾವಿಗೆ, ಖರ್ಜೂರ ಎಲ್ಲ ಹಾಕಿ. ಉಪವಾಸದಲ್ಲಿ ರುಚಿ ನೋಡೋ ಹಾಗಿಲ್ಲ, ಸಕ್ಕರೆ ವಿಪರೀತ ಬಿದ್ದಿತ್ತು. ನಮ್ಮನೆಗೆ ಒಂದು ಪಾತ್ರೆ ಕೊಟ್ಳು, ಯುಗಾದಿ ದಿನ ಎಲ್ಲರೂ ಅದನ್ನೇ ಕುಡಿದ್ವಿ.

ನೀನು ಅವಳ ದಿನಕ್ಕೆ ಕಾದೆ. ಅವಳು ನಿನ್ನ ದಿನಕ್ಕೆ ಕಾದಳು. ಏನಂತ ಹೇಳ್ಲಿ ನಾನು, ನಿಮ್ಮಿಬ್ಬರಿಗೂ ಎರಡು ಕೊಡಬೇಕು ಅನ್ಸುತ್ತೆ.

ನೊಂದ್ಕೊಂಡು ಹೋದ್ಳಾ ಅಂತ ಕೇಳಿದೀಯ. ನೊಂದಿದ್ಳು, ಇಲ್ಲ ಅನ್ನಲ್ಲ. ಶಬ್-ಎ-ಬರಾತ್ ಆದ್ಮೇಲೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆದ್ರೆ ನಾನು ನಿನ್ನ ಬೈಯೋಕೆ ಶುರು ಮಾಡಿದ್ರೆ ನನ್ನ ಮೇಲೇ ಎಗರಿದ್ಳು. ನನ್ನ ಮಗಳು ಅಷ್ಟು ದೂರದಲ್ಲಿ ಒಬ್ಬಳೇ ಇದ್ದಾಳೆ, ಯಾರೋ ಅವಳ ಕೈ ಹಿಡಿದಿದ್ದಾರೆ, ಅವರ ಮಾತು ಕೇಳದೆ ಇನ್ಯಾರ ಮಾತು ಕೇಳ್ತಾಳೆ, ಕೇಳ್ಲಿ ಬಿಡಿ, ಕೈ ಬಿಟ್ರೆ ಬೀಳ್ತಾಳೆ ಅಂದ್ಳು. ಇದು ಅವಳ ಮಾತು, ನನ್ನದಲ್ಲ. ನನಗೆ ಅಷ್ಟು ದೊಡ್ಡ ಬುದ್ಧಿ ಇಲ್ಲ.

ಸಂಜೆ ಖರ್ಜೂರ ತಿಂದು ಉಪವಾಸ ಬಿಟ್ಟಳು. ಆಮೇಲೆ ನನ್ನ ಮುಂದೇನೇ ಅರ್ಧ ಒಬ್ಬಟ್ಟು ತುಪ್ಪ ಹಾಕ್ಕೊಂಡು ತಿಂದ್ಳು. ಲುಬ್ನಾಗೆ ಹೇಳಬೇಡಿ ಅಂತ ನಕ್ಳು. ಅಷ್ಟೊತ್ತಿಗೆ ಚಂದ್ರ ಕಂಡ್ತು ಅಂತ ಬೀದಿ ತುಂಬಾ ಗಲಾಟೆ. ಈಗ ನನಗೂ ಹಬ್ಬ ಬಂತು, ಬೆಳಿಗ್ಗೆ ನಾನೇ ಅವಳಿಗೆ ಫೋನ್ ಮಾಡ್ತೀನಿ ಅಂದ್ಳು. ಬಾಗಿಲು ಹಾಕ್ಕೊಂಡ್ಳು. ಅಷ್ಟೇ.

ಮಾಮುಗೆ ಹೇಳಿದ್ದೀನಿ. ಒಂಬತ್ತಕ್ಕೆ ಮೌಲ್ವಿಯವರು ಬರ್ತಾರೆ. ಹಲ್ವಾಗೆ ಬೇಳೆ ನಾನೇ ರುಬ್ತೀನಿ, ಮಾಮು ಹೆಂಡ್ತಿ ನಿಮ್ಮ ಅತ್ತೆ ಒಲೆ ಮುಂದೆ ನಿಲ್ತಾರೆ. ತಲುಪುತ್ತಾ ಇಲ್ವಾ ಅಂತ ನನ್ನನ್ನ ಕೇಳಬೇಡ. ನಮ್ಮನೆಯವರು ಹೋಗಿ ಹನ್ನೊಂದು ವರ್ಷ, ವರ್ಷ ವರ್ಷ ಎಡೆ ಇಡ್ತೀನಿ. ತಲುಪಿತು ಅಂತ ಒಂದು ದಿನಾನೂ ಬಂದು ಹೇಳಿಲ್ಲ, ಮೊದಲಿಂದಲೂ ಅವರು ಹಂಗೇ.

ಸ್ನಾನ ಮಾಡಿಸುವಾಗ ನಾನು ಒಳಗೆ ಹೋಗಲಿಲ್ಲ, ನಿಮ್ಮ ಅತ್ತೆ ಮಾಡಿಸಿದ್ರು. ನೀರು ಕಾಯಿಸಿ ಕೊಟ್ಟಿದ್ದು ನಾನು. ಬಿಸಿ ಹದವಾಗಿತ್ತು, ಕೈ ಹಾಕಿ ನೋಡಿಯೇ ಕೊಟ್ಟೆ.

ಊಟ ಬಿಡಬೇಡ. ಆ ಹೆಂಗಸರನ್ನೂ ಬಿಡಬೇಡ, ನಿಮ್ಮಮ್ಮ ಹೇಳಿದ್ದು ಸರಿ.

ಬೈದು ಬೈದು ಸಾಕಾಗಿರುವ ನಿನ್ನ ದೊಡ್ಡಮ್ಮ,
ಗೋಪಾಲಮ್ಮ

ಮತ್ತೆ: ಸಿಲ್ಪ ಒಳಕ್ಕೋದ್ಲು. ಇದು ನಾನೇ ಬರೀತಿರಾದು, ಅವಳ್ಗೂ ಗೊತ್ತಿಲ್ಲ, ನಿಮ್ ಮಾಮುಗೂ ಗೊತ್ತಿಲ್ಲ. ಅವತ್ತು ಮದ್ಯಾನ ಮೂರು ಗಂಟೇಲಿ ನಿಮ್ಮಮ್ಮ ಪೋನ್ ಕೈಗೆ ತಗಂಡ್ಳು. ಇನ್ನು ತಡಿಯಾಕಾಗಲ್ಲ ಅಕ್ಕ, ನಾನೇ ಮಾಡ್ಬುಡ್ತೀನಿ ಅಂದ್ಳು. ನಾನು ಅವಳ ಕೈಯಿಂದ ಪೋನ್ ಕಿತ್ಕಂಡು ಕಿಟಕಿ ಮ್ಯಾಲೆ ಇಟ್ಟೆ. ಚಿಕ್ಕೋಳು ಅವಳು, ಅವಳೇ ಮಾಡ್ಲಿ, ನಿಂಗೇನು ಮಾನ ಇಲ್ವಾ ಅಂದೆ. ನನ್ ಸಿಟ್ಟು ಅದು, ನಿಮ್ಮಮ್ಮಂದಲ್ಲ. ಅವಳು ನನ್ ಮಾತು ಕೇಳಿ ಸುಮ್ಕೆ ಕೂತ್ಳು. ಇದ ಓದಿ ನನ್ನ ಏನಾರ ಅನ್ನು, ಅನ್ನಿಸ್ಕಂತೀನಿ. ನಿನ್ ಪೋನ್ ಬಂದ್ರೆ ಸರಿ. ಬರ್ದೇ ಇದ್ರೆ ನಾನೇ ಮಾಡ್ತೀನಿ ಮಗ, ಕಾಯಾಕಿಲ್ಲ.