ಎದ್ದು ಹೊರಗೆ ಹೋಗಬೇಕಿತ್ತು

ಆಲ್ಮಾ ಫಾಲ್ಸ್, ಮಿನೆಸೋಟಾ
ಏಪ್ರಿಲ್ 11, ಶುಕ್ರವಾರ

ಪ್ರೀತಿಯ ನೋರೀನ್,

ಎರಡು ಬೀದಿ ಆಚೆ ಇರುವ ತಂಗಿಗೆ ಕಾಗದ ಬರೆಯುವಂಥದ್ದು ಏನಾಯಿತು ಇವಳಿಗೆ ಎಂದು ನಗಬೇಡ. ಬೆಳಗಿನಿಂದ ಮೂರು ಸಲ ಕೋಟು ಹಾಕಿಕೊಂಡು ನಿನ್ನ ಮನೆಗೆಂದು ಹೊರಟೆ. ಮೂರು ಸಲವೂ ಮೂಲೆಯ ಅಂಚೆಪೆಟ್ಟಿಗೆಯ ತನಕ ಹೋಗಿ ತಿರುಗಿ ಬಂದೆ. ಮಾಡಿದ ಕಾಫಿ ಮೇಜಿನ ಮೇಲೆ ಆರುತ್ತಿದೆ.

ನಿನ್ನೆ ಫೋನಿನಲ್ಲಿ ನೀನು ಕೂಗಾಡಿದ್ದು ಇನ್ನೂ ಕಿವಿಯಲ್ಲೇ ಇದೆ. "ನನ್ನ ಅರ್ಜಿಗೆ ಆರು ಜನ ಎಂಟು, ಒಂಬತ್ತು ಅಂಕ ಕೊಟ್ಟಿದಾರೆ ಕಣೇ ಅಕ್ಕ. ಯಾವನೋ ಒಬ್ಬ ಮಹಾನುಭಾವ ಎರಡು ಕೊಟ್ಟಿದಾನೆ, ಹತ್ತಕ್ಕೆ ಎರಡು! ಹೆಸರು ಹಾಕಿಲ್ಲ ಅಂದ್ರೆ ಗೊತ್ತಾಗಲ್ವಾ? ಆ ಡ್ವೇನೇ! ಇನ್ನು ಅವನ ಅಂಗಡೀಲಿ ಒಂದು ಮೊಳೆ ಕೂಡ ಕೊಳ್ಳಲ್ಲ ನಾನು." ನಾನು ಹೂಂ ಎಂದೆ. ಆ ಹೂಂ ನನ್ನನ್ನು ರಾತ್ರಿಯೆಲ್ಲ ಮಲಗಗೊಡಲಿಲ್ಲ.

ನಗರಸಭೆ ಈ ಸಲ ಆರು ಸೇವಾಸಂಸ್ಥೆಗಳಿಗೆ ಮಾತ್ರ ಹಣ ಕೊಡುತ್ತದೆ. ಸರಾಸರಿ ಅಂಕದಲ್ಲಿ, ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ನಿನ್ನ ಹಗಲುಮನೆ ಏಳನೆಯದಾಯಿತು. ಜೂನ್ ಮುಗಿದರೆ ಬಾಗಿಲು ಮುಚ್ಚಬೇಕು. ಮರೆವಿನ ಅತ್ತೆಯನ್ನು ನಿನ್ನಲ್ಲಿ ಬಿಟ್ಟು ಕಾರ್ಖಾನೆಗೆ ಓಡುವ ಮೈ ವಾಂಗ್ ನನಗೆ ತರಕಾರಿ ಅಂಗಡಿಯಲ್ಲಿ ಸಿಕ್ಕಿದ್ದಳು. "ಟೀಚರ್, ನಾನು ಕೆಲಸ ಬಿಡ್ಲಾ, ಇಲ್ಲಾ ಅತ್ತೇನ ಒಳಗೆ ಹಾಕಿ ಬೀಗ ಜಡೀಲಾ? ನೀವೇ ಹೇಳಿ" ಅಂದಳು. ಆಲೂಗಡ್ಡೆ ಆರಿಸುತ್ತಿದ್ದವಳು ಎಲ್ಲವನ್ನೂ ಅಲ್ಲೇ ಬಿಟ್ಟು ಬಂದುಬಿಟ್ಟೆ.

ಅರ್ಜಿಗಳಿಗೆ ಅಂಕ ಹಾಕುವ ನಮ್ಮ ಸಮಿತಿಯ ಕಟ್ಟಳೆ ನಿನಗೂ ಗೊತ್ತು. ತಮ್ಮವರ ಅರ್ಜಿ ಬಂದಾಗ ಸದಸ್ಯರು ಎದ್ದು, "ಇವರು ನನಗೆ ಸಂಬಂಧ" ಎಂದು ಹೇಳಿ ಹೊರಗೆ ಹೋಗಬೇಕು. ಡ್ವೇನ್ ತನ್ನ ಭಾವಮೈದುನನ ಸರದಿಯಲ್ಲಿ ಹೋಗಿ ಮೊಗಸಾಲೆಯಲ್ಲಿ ನಿಂತಿದ್ದ. ನೀನು, "ಅಡ್ಡಹೆಸರು ಬೇರೆ ಬೇರೆ, ಯಾರಿಗ್ ಗೊತ್ತಾಗತ್ತೆ? ಸುಮ್ನೆ ಕೂತಿರು" ಅಂದಿದ್ದೆ. ನಾನು ಕೂತೆ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಎಪ್ಪತ್ತೆರಡು ವರ್ಷದವಳಿಗೆ ಏಳುವುದಕ್ಕೆ ಕಾಲಿರಲಿಲ್ಲವೇ?

ಸೋಮವಾರ ನಗರಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ತಲಾ ಮೂರು ನಿಮಿಷ ಕೊಡುತ್ತಾರೆ. ನಾನು ಹೆಸರು ಬರೆಸಿದ್ದೇನೆ. ಏಳದೆ ಕೂತಿದ್ದೆ ಎಂದು ಹೇಳುತ್ತೇನೆ. ನನ್ನ ಅಂಕ ತೆಗೆದುಹಾಕಿದರೆ ನೀನು ಮೇಲೆ ಬರಬಹುದು. ನಿನ್ನ ಅರ್ಜಿಯನ್ನೇ ತಳ್ಳಿಹಾಕಿದರೂ ಹಾಕಬಹುದು. ಇದೇ ಭಯ. ಬೇಡ ಎನ್ನುವುದಿದ್ದರೆ ಭಾನುವಾರದೊಳಗೆ ಬಂದು ಹೇಳು, ಆದರೆ ನಾನು ಕೇಳುತ್ತೇನೆಂದು ಮಾತು ಕೊಡಲಾರೆ.

ನಾಲ್ಕನೇ ಕ್ಲಾಸಿನಲ್ಲಿ ನೀನು ನನ್ನ ವಿದ್ಯಾರ್ಥಿನಿಯಾಗಿದ್ದಾಗ ಒಂದೂ ತಪ್ಪಿಲ್ಲದ ಲೆಕ್ಕಕ್ಕೆ ನಿನಗೆ ಕಡಿಮೆ ಅಂಕ ಹಾಕಿದ್ದೆ. ಅಮ್ಮ ಗದರಿದಾಗ, "ಸ್ವಂತ ತಂಗಿ ಅಂತ ಜನ ಆಡಿಕೊಳ್ಳಲ್ವಾ?" ಅಂದಿದ್ದೆ. ಪ್ರತಿ ಕ್ರಿಸ್‌ಮಸ್ಸಿಗೂ ಅದನ್ನೆತ್ತಿ ನನ್ನ ಕಾಲೆಳೆಯುತ್ತೀಯ. ಈ ವರ್ಷ ಎತ್ತಬೇಡ.

ನಿನ್ನ ಅಕ್ಕ,
ಆರ್ಲಿಸ್

ತಾ.ಕ.: ಡ್ವೇನ್‌ನ ಅಂಗಡಿಗೆ ಹೋಗಿ ಅವನನ್ನು ಮಾತಾಡಿಸು. ಆ ಎರಡು ನನ್ನದು. ಮೊದಲು ಒಂಬತ್ತು ಬರೆದಿದ್ದೆ, ನೋರೀನ್. ಅಷ್ಟರಲ್ಲಿ ಅಧ್ಯಕ್ಷೆ ತಲೆಯೆತ್ತಿ ನನ್ನ ಕಡೆ ನೋಡಿದಳು. ನೀನು ನನ್ನ ತಂಗಿಯೆಂದು ಗೊತ್ತಾಗಿಹೋಯಿತು ಅನ್ನಿಸಿ ಒಂಬತ್ತನ್ನು ಅಳಿಸಿ ಎರಡು ಮಾಡಿಬಿಟ್ಟೆ. ಅವಳು ನೋಡಿದ್ದು ನನ್ನ ಹಿಂದಿನ ಗಡಿಯಾರವನ್ನು. ಎದ್ದು ಹೋಗಿದ್ದರೆ ಉಳಿದ ಆರು ಜನರೇ ನಿನ್ನನ್ನು ಗೆಲ್ಲಿಸುತ್ತಿದ್ದರು.